ರಜೆ ಹಾಕದೆ ಹಕ್ಕಿ ನೋಡುವುದು: ಕಾರವಾರ, ಶಿರಸಿ ಕಡೆಯ ನೌಕರರಿಗೆ

ಕಡತದಿಂದ ತಲೆ ಎತ್ತಿದಾಗ ಕಿಟಕಿಯಾಚೆ ಬಿಳಿಹೊಟ್ಟೆಯ ಕಡಲ ಹದ್ದು ತೇಲಿ ಹೋಗುವ ಊರಿನಲ್ಲಿ ಕುರ್ಚಿಗೆ ಅಂಟಿಕೊಂಡು ಕೂರುವುದು ಕಷ್ಟವೇ. ಹೆಚ್ಚಿನವರು ಇದಕ್ಕೆ ಕಂಡುಕೊಂಡ ಪರಿಹಾರ ‘ರಜೆ ಸಿಕ್ಕಾಗ ದಾಂಡೇಲಿಗೆ ಹೋಗೋಣ’ ಎಂಬುದು. ಆ ರಜೆ ಮದುವೆ, ಮುಂಜಿ, ಮಗುವಿನ ಜ್ವರಕ್ಕೇ ಮುಗಿದುಹೋಗುತ್ತದೆ. ವರ್ಷಕ್ಕೊಮ್ಮೆ ಕಾಡಿಗೆ ಹೋಗಿ ಎಂಬತ್ತು ಹಕ್ಕಿಯ ಪಟ್ಟಿ ಮಾಡಿ ಬಂದವರಿಗಿಂತ, ಒಂದೇ ಗದ್ದೆಯ ಅಂಚಿನಲ್ಲಿ ವಾರಕ್ಕೆ ನಾಲ್ಕು ದಿನ ಕಾಲು ಗಂಟೆ ನಿಂತವರಿಗೆ ಹಕ್ಕಿ ಬೇಗ ಗುರುತಾಗುತ್ತದೆ. ಈ ಲೇಖನ ಆ ಕಾಲು ಗಂಟೆಯನ್ನು ಎಲ್ಲಿಂದ ತೆಗೆಯುವುದು, ಅದರಲ್ಲಿ ಏನು ಮಾಡುವುದು ಎಂಬುದರ ಬಗ್ಗೆ.

ಮೊದಲು ಗಡಿಯಾರದ ಲೆಕ್ಕ

ನಮ್ಮ ಗಡಿಯಾರ ಕೂಡುವುದು ಪೂರ್ವದ ರೇಖಾಂಶಕ್ಕೆ, ನಾವಿರುವುದು ಪಶ್ಚಿಮದ ಅಂಚಿನಲ್ಲಿ. ಹಾಗಾಗಿ ಕಾರವಾರದಲ್ಲಿ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ತಡ. ಜನವರಿ ನಡುವಿನಲ್ಲಿ ಉದಯ ಸುಮಾರು 7.05ಕ್ಕೆ, ಅಸ್ತ 6.20ರ ಹೊತ್ತಿಗೆ. ನವೆಂಬರ್ ನಡುವಿನಲ್ಲಿ 6 ಗಂಟೆಗೇ ಮುಳುಗಿಬಿಡುತ್ತದೆ. ಜೂನ್ ಕೊನೆಗೆ ಉದಯ 6.05, ಅಸ್ತ 7.05ರ ಆಸುಪಾಸು.

ಸರಕಾರಿ ಕಚೇರಿಯ ಹೊತ್ತು 10ರಿಂದ 5.30. ಅಂದರೆ ನವೆಂಬರಿನಲ್ಲಿ ಸಂಜೆ ಕೈಗೆ ಸಿಗುವುದು ಅರ್ಧ ಗಂಟೆ, ಅದರಲ್ಲಿ ಹತ್ತು ನಿಮಿಷ ಸ್ಕೂಟರ್ ತೆಗೆಯುವುದಕ್ಕೇ ಹೋಗುತ್ತದೆ. ಬೆಳಿಗ್ಗೆಯಾದರೆ 7ರಿಂದ 8.15ರವರೆಗೆ ಪೂರ್ತಿ ನಿಮ್ಮದು, ಹಕ್ಕಿಗಳೂ ಆಗಲೇ ಚುರುಕು. ಆದ್ದರಿಂದ ಅಕ್ಟೋಬರಿನಿಂದ ಫೆಬ್ರವರಿವರೆಗೆ ಬೆಳಿಗ್ಗೆಯನ್ನೇ ನೆಚ್ಚಿಕೊಳ್ಳಿ. ಸಂಜೆಯನ್ನು ಮಾರ್ಚ್ ನಂತರಕ್ಕೆ ಇಟ್ಟುಕೊಳ್ಳಿ. ಬ್ಯಾಂಕ್, ಆಸ್ಪತ್ರೆ, ಶಿಫ್ಟ್ ಕೆಲಸದವರು ತಮ್ಮ ಹೊತ್ತನ್ನು ಇದೇ ರೀತಿ ಉದಯಾಸ್ತದ ಪಕ್ಕ ಬರೆದು ನೋಡಿದರೆ ತೂತು ಎಲ್ಲಿದೆ ಎಂದು ತಿಳಿಯುತ್ತದೆ.

ಹತ್ತು ನಿಮಿಷದ ಒಳಗಿನ ಜಾಗ

ಮನೆ ಮತ್ತು ಕಚೇರಿಯ ನಡುವಿನ ದಾರಿಯಲ್ಲಿ, ಹೆಚ್ಚೆಂದರೆ ಹತ್ತು ನಿಮಿಷ ಸುತ್ತಾಗುವಷ್ಟರಲ್ಲಿ ಒಂದು ಜಾಗ ಆರಿಸಿ. ಅದಕ್ಕಿಂತ ದೂರವಾದರೆ ಮೂರನೇ ವಾರಕ್ಕೆ ಬಿಟ್ಟುಹೋಗುತ್ತದೆ. ಜಾಗ ಚೆಂದ ಇರಬೇಕಿಲ್ಲ. ಎರಡು ಬಗೆಯ ನೆಲ ಕೂಡುವ ಅಂಚಾಗಿರಬೇಕು: ಗದ್ದೆಗೆ ತೋಟ ತಾಗುವಲ್ಲಿ, ಕಾಂಡ್ಲಾಕ್ಕೆ (ಉಪ್ಪುನೀರಿನ ಮ್ಯಾಂಗ್ರೋವ್ ಗಿಡಗಳಿಗೆ) ಕೆಸರು ತಾಗುವಲ್ಲಿ, ಬೆಟ್ಟಕ್ಕೆ ಹಳ್ಳ ತಾಗುವಲ್ಲಿ. ಕಾಡಿನ ಒಳಹೊಕ್ಕರೆ ಸೊಪ್ಪಿನ ಸಂದಿಯಲ್ಲಿ ಸದ್ದು ಮಾತ್ರ ಕೇಳುತ್ತದೆ. ಅಂಚಿನಲ್ಲಿ ಹಕ್ಕಿ ಕಣ್ಣಿಗೂ ಬೀಳುತ್ತದೆ.

ಕಾರವಾರದವರಿಗೆ ಕೋಡಿಬಾಗದ ಬಳಿ ಕಾಳಿ ನದಿ ಕಡಲು ಸೇರುವ ಬದಿ, ಆಚೆ ದಡದ ಸದಾಶಿವಗಡ, ಮೇಲ್ದಂಡೆಯ ಸುಂಕೇರಿ–ಕಡವಾಡ ಕಡೆಯ ಗದ್ದೆಗಳಿವೆ. ಶಿರಸಿಯವರಿಗೆ ಇಷ್ಟು ಹುಡುಕಾಟವೂ ಬೇಡ. ಅಡಿಕೆ ತೋಟದ ಬುಡ, ಅದರ ಮೇಲಿನ ಸೊಪ್ಪಿನ ಬೆಟ್ಟ, ನಡುವೆ ಹರಿಯುವ ಹಳ್ಳ, ಮೂರೂ ಕೂಡುವ ಕಡೆ ನಿಂತರಾಯಿತು. ತೋಟದ ಯಜಮಾನರಿಗೆ ಮೊದಲೇ ಹೇಳಿರಿ. ಕುತ್ತಿಗೆಗೆ ಬೈನಾಕ್ಯುಲರ್ ಹಾಕಿಕೊಂಡು ಬೆಳಿಗ್ಗೆ ಏಳಕ್ಕೆ ಬೇಲಿ ಬದಿ ನಿಂತವರನ್ನು ಯಾರಾದರೂ ಸಂಶಯದಿಂದ ನೋಡಿಯಾರು.

ಅಲ್ಲಿಗೆ ಹೋದ ಮೇಲೆ ನಡೆಯಬೇಡಿ, ನಿಲ್ಲಿ. ಬಂದ ಮೊದಲ ಐದು ನಿಮಿಷ ಹಕ್ಕಿಗಳು ನಿಮ್ಮನ್ನು ಕಂಡು ಸುಮ್ಮನಾಗಿರುತ್ತವೆ. ‘ಇವತ್ತು ಏನೂ ಇಲ್ಲ’ ಎಂದು ಹೊರಡುವವರು ಹೊರಡುವುದು ಸರಿಯಾಗಿ ಆ ಐದನೇ ನಿಮಿಷಕ್ಕೆ. ಕಾಲು ಗಂಟೆಗೆ ಹತ್ತು ಹನ್ನೆರಡು ಜಾತಿ ಸಿಕ್ಕರೆ ಚೆನ್ನಾಯಿತು ಎಂದುಕೊಳ್ಳಿ.

ಬೆಳಕಿನ ದಿಕ್ಕನ್ನೂ ನೋಡಿಕೊಳ್ಳಬೇಕು. ನಮ್ಮ ಕಡಲು ಪಶ್ಚಿಮಕ್ಕೆ. ಬೆಳಿಗ್ಗೆ ಕಡಲಿಗೆ ಮುಖ ಮಾಡಿ ನಿಂತರೆ ಸೂರ್ಯ ಬೆನ್ನಿಗೆ, ಹಕ್ಕಿಯ ಬಣ್ಣ ನಿಚ್ಚಳ. ಸಂಜೆ ಅದೇ ಜಾಗದಲ್ಲಿ ಎಲ್ಲ ಹಕ್ಕಿಯೂ ಕಾಗೆಯಷ್ಟೇ ಕಪ್ಪು. ಸಂಜೆ ಹೋದವರು ಕಡಲಿಗೆ ಬೆನ್ನು ಹಾಕಿ ನದಿಯ ಮೇಲ್ಭಾಗದ ಕಡೆ ನೋಡಬೇಕು.

ಕಡಲ ಬದಿಯಾದರೆ ಪಂಚಾಂಗ ಬೇಕು

ಹೊಸಬರು ಹೆಚ್ಚು ಎಡವುವುದು ಇಲ್ಲೇ. ಒಂದು ದಿನ ಕಾಳಿ ಬಾಯಿಯಲ್ಲಿ ಕೆಸರಲ್ಲಿ ಮೇಯುವ ಸಪೂರ ಕಾಲಿನ ಹಕ್ಕಿಗಳು ನೂರಾರು, ಮೂರು ದಿನ ಬಿಟ್ಟು ಅದೇ ಹೊತ್ತಿಗೆ ಹೋದರೆ ಒಂದೂ ಇಲ್ಲ. ಹಕ್ಕಿ ಊರು ಬಿಟ್ಟಿಲ್ಲ, ನೀರು ಏರಿದೆ ಅಷ್ಟೆ. ಕೆಸರು, ಮರಳದಿಬ್ಬ ತೆರೆದಿದ್ದಾಗ ಮಾತ್ರ ಅವಕ್ಕೆ ಹುಳ, ಚಿಪ್ಪಿ, ಏಡಿಮರಿ ಸಿಗುವುದು.

ಮೀನುಗಾರರು ಭರತಿ, ಸುಕ್ತಿ ಎನ್ನುವ ಈ ಏರಿಳಿತ ದಿನಕ್ಕೆ ಎರಡೆರಡು ಸಲ. ಏರಿದ ನೀರು ಇಳಿಯಲು ಆರು ಗಂಟೆ ಚಿಲ್ಲರೆ. ಪ್ರತಿದಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ ದೊಡ್ಡ ಇಳಿತ ಬೆಳಗಿನ ಜಾವಕ್ಕೂ ಸಂಜೆಗೂ ಬೀಳುತ್ತದೆ. ಅಷ್ಟಮಿಯ ಹೊತ್ತಿಗೆ ತಿರುವುಮುರುವು: ಬೆಳಿಗ್ಗೆ ಸಂಜೆ ನೀರು ತುಂಬಿರುತ್ತದೆ, ಮಧ್ಯಾಹ್ನ ನೀವು ಕಚೇರಿಯಲ್ಲಿದ್ದಾಗ ಕೆಸರು ತೆರೆದಿರುತ್ತದೆ. ಆದ್ದರಿಂದ ತಿಂಗಳ ಆರಂಭದಲ್ಲಿ ಕ್ಯಾಲೆಂಡರಿನ ಮೇಲೆ ಹುಣ್ಣಿಮೆ, ಅಮಾವಾಸ್ಯೆಗೆ ಹಿಂದೆ ಮುಂದೆ ಎರಡೆರಡು ದಿನ ಗುರುತು ಹಾಕಿ, ಅವು ನಿಮ್ಮ ಕಡಲ ದಿನಗಳು. ಅಷ್ಟಮಿಯ ವಾರ ಗದ್ದೆ, ತೋಟದ ಕಡೆ ಹೋಗಿ. ನಿಖರ ಗಂಟೆಗೆ ಮೊಬೈಲಿನಲ್ಲಿ ಕಾರವಾರ ಬಂದರಿನ ಉಬ್ಬರವಿಳಿತ ಪಟ್ಟಿ ತೆರೆಯಿರಿ. ಮುಂಬಯಿಯ ಪಟ್ಟಿ ಇಲ್ಲಿಗೆ ಆಗದು.

ಪೂರ್ತಿ ಇಳಿದ ನೀರೇ ಒಳ್ಳೆಯದು ಎಂದೇನಲ್ಲ. ಆಗ ಹಕ್ಕಿಗಳು ದೂರದ ನೀರಂಚಿಗೆ ಹೋಗಿ ಚುಕ್ಕೆಯಾಗಿರುತ್ತವೆ. ಇಳಿದದ್ದು ಮತ್ತೆ ಏರತೊಡಗಿದಾಗ ನೀರೇ ಅವನ್ನು ನಿಮ್ಮತ್ತ ತಳ್ಳಿಕೊಂಡು ಬರುತ್ತದೆ. ಹುಣ್ಣಿಮೆಯ ಮಾರನೇ ಬೆಳಿಗ್ಗೆ ಏಳರ ಹೊತ್ತು ಇದಕ್ಕೆ ಹೇಳಿ ಮಾಡಿಸಿದಂತೆ. ದಡದಿಂದ ದೂರದ ಮರಳದಿಬ್ಬಕ್ಕೆ ಮಾತ್ರ ನಡೆದು ಹೋಗಬೇಡಿ. ಏರು ನೀರು ಹಿಂದಿನಿಂದ ಸುತ್ತಿಕೊಳ್ಳುವುದು ಗೊತ್ತೇ ಆಗುವುದಿಲ್ಲ.

ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಇಲ್ಲಿ ಕಾಣುವ ಸಣ್ಣ ಹಕ್ಕಿಗಳು ಹೊಸಬರಿಗೆ ಒಂದೇ ತರಹ. ಗುರುತಿಗೆ ಎರಡು ಮೂರು ಹಿಡಿಕೆ ಸಾಕು. ಕತ್ತಿನ ಹಿಂಭಾಗದಲ್ಲಿ ಬಿಳಿ ಪಟ್ಟಿ ಸುತ್ತಿದ್ದರೆ ಕೆಂಟಿಶ್ ಪ್ಲೋವರ್. ಪಟ್ಟಿ ಇಲ್ಲದೆ ಬೂದುಗಂದು ಇದ್ದರೆ ಸ್ಯಾಂಡ್ ಪ್ಲೋವರ್. ಅಲೆ ಹಿಂದೆ ಸರಿದಾಗ ಓಡಿ ಹೋಗಿ, ಮುಂದೆ ಬಂದಾಗ ಓಡಿ ಬರುವ ಬೆಳ್ಳನೆಯದು ಸ್ಯಾಂಡರ್ಲಿಂಗ್. ಕೆಳಗೆ ಬಾಗಿದ ಉದ್ದ ಕೊಕ್ಕು, ತಲೆಯ ಮೇಲೆ ಪಟ್ಟೆ ಇದ್ದರೆ ವಿಂಬ್ರೆಲ್. ಪಟ್ಟೆ ಇಲ್ಲದೆ ಕೊಕ್ಕು ಇನ್ನೂ ಉದ್ದವಿದ್ದರೆ ಕರ್ಲ್ಯೂ. ಸ್ಯಾಂಡ್ ಪ್ಲೋವರ್‌ಗಳಲ್ಲಿ ಯಾವುದು ಎಂದು ಮೊದಲ ವರ್ಷವೇ ಹಟ ಹಿಡಿಯಬೇಡಿ. ನುರಿತವರೂ ಅಲ್ಲಿ ಜಗಳವಾಡುತ್ತಾರೆ.

ಊಟದ ಬಿಡುವು ಹದ್ದುಗಳದ್ದು

ಮಧ್ಯಾಹ್ನ ಹಕ್ಕಿ ಇರುವುದಿಲ್ಲ ಎನ್ನುವುದು ಅರ್ಧ ಸತ್ಯ. ಸಣ್ಣ ಹಕ್ಕಿ ಅಡಗಿರುತ್ತದೆ, ನಿಜ. ಆದರೆ ನೆಲ ಕಾದು ಬಿಸಿಗಾಳಿ ಮೇಲೇಳುವುದು ಹನ್ನೊಂದರಿಂದ ಎರಡರ ನಡುವೆ, ರೆಕ್ಕೆ ಬಡಿಯದೆ ಮೇಲೇರಬೇಕಾದ ಹದ್ದು ಗಿಡುಗಗಳಿಗೆ ಅದೇ ಏಣಿ. ಡಬ್ಬಿ ಮುಗಿಸಿ ಕೈ ತೊಳೆದ ಮೇಲೆ ಹತ್ತು ನಿಮಿಷ ಮಹಡಿಗೆ ಹೋಗಿ ಕಡಲ ಕಡೆ ಅಲ್ಲ, ಗುಡ್ಡದ ಕಡೆ ನೋಡಿ. ನೀರಿನ ಮೇಲೆ ಬಿಸಿಗಾಳಿ ದುರ್ಬಲ, ಗುಡ್ಡದ ನೆತ್ತಿಯ ಮೇಲೆ ಬಲ.

ಹದ್ದನ್ನು ಬಣ್ಣದಿಂದ ಅಲ್ಲ, ಆಕಾರದಿಂದ ಗುರುತಿಸಿ. ಬಾಲದ ತುದಿ ಕವಲಾಗಿದ್ದರೆ ಕರಿಹದ್ದು, ದುಂಡಗಿದ್ದರೆ ಗರುಡ. ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದು, ಗಿಡ್ಡ ಬೆಣೆಯಾಕಾರದ ಬಾಲವಿದ್ದು, ಕೆಳಗಿನಿಂದ ಮೈ ಬೆಳ್ಳಗೆ, ರೆಕ್ಕೆಯ ಹಿಂಬದಿ ಕಪ್ಪಗಿದ್ದರೆ ಕಡಲ ಹದ್ದು. ರೆಕ್ಕೆಯುದ್ದಕ್ಕೂ ಅಗಲ ಬಿಳಿ ಪಟ್ಟಿ, ಜೊತೆಗೆ ಮೇಲಿನಿಂದ ಶಿಳ್ಳೆಯಂಥ ಕೂಗು ಬಂದರೆ ಹಾವುಗಳನ್ನು ಹಿಡಿಯುವ ಸರ್ಪಹದ್ದು. ಶಿರಸಿ ಕಡೆ ಇದು ನಿತ್ಯದ ಗಿರಾಕಿ.

ಕಚೇರಿಯ ಆವರಣದಲ್ಲಿ ಆಲ, ಅತ್ತಿ, ಬಸರಿ ಮರವಿದ್ದರೆ ಅದೃಷ್ಟ. ಹಣ್ಣಾದ ವಾರ ಕುಟ್ರುಹಕ್ಕಿ, ಪಿಕಳಾರ, ಮೈನಾ, ಹೊನ್ನಕ್ಕಿ ಎಲ್ಲವೂ ಅಲ್ಲಿಗೇ ಬರುತ್ತವೆ, ಘಟ್ಟದ ಮೇಲಾದರೆ ಮಂಗಟ್ಟೆಯೂ ಬಂದೀತು. ಜನವರಿಯಿಂದ ಮಾರ್ಚ್‌ವರೆಗೆ ಬೂರುಗ, ಮುತ್ತುಗ, ಹಾಲವಾಣ ಹೂಬಿಟ್ಟಾಗ ಸೂರಕ್ಕಿ, ಕಾಜಾಣಗಳ ಸಂತೆ. ಇವು ಹಣ್ಣಾಗುವ, ಹೂಬಿಡುವ ದಿನಾಂಕ ಬರೆದಿಡಿ. ಮುಂದಿನ ವರ್ಷ ಸಿಎಲ್ ಯಾವ ವಾರ ಹಾಕಬೇಕೆಂದು ಗೊತ್ತಾಗುತ್ತದೆ.

ಕಿವಿಗೆ ರಜೆ ಬೇಡ

ಕಣ್ಣು ಕಂಪ್ಯೂಟರಿನಲ್ಲಿದ್ದರೂ ಕಿವಿ ಬಿಡುವಾಗಿಯೇ ಇರುತ್ತದೆ. ವಾರಕ್ಕೆ ಒಂದೇ ಕೂಗು ಕಲಿಯಿರಿ. ಆರಂಭಕ್ಕೆ ಸುಲಭದವು: ‘ಕುಟ್ರೂ ಕುಟ್ರೂ’ ಎಂದು ದಿನವಿಡೀ ಬಡಬಡಿಸುವ ಕುಟ್ರುಹಕ್ಕಿ, ತಾಮ್ರದ ಪಾತ್ರೆಗೆ ಬಡಿದ ಹಾಗೆ ‘ಟಂಕ್ ಟಂಕ್’ ಎನ್ನುವ ಅದರ ಸಣ್ಣ ನೆಂಟ ಕಂಚುಗಾರ ಹಕ್ಕಿ, ಆಳದಿಂದ ‘ಊಪ್ ಊಪ್’ ಎನ್ನುವ ಕೆಂಬೂತ, ಮೈಗಿಂತ ನಾಲ್ಕು ಪಟ್ಟು ಸದ್ದು ಮಾಡುವ ಟುವ್ವಿ, ನಸುಕಿನಲ್ಲಿ ತಂತಿಯ ಮೇಲೆ ಹಾಡುವ ಮಡಿವಾಳ. ಶಿರಸಿ, ಸಿದ್ದಾಪುರದಲ್ಲಿ ಮಳೆ ಹಿಡಿದ ಮೇಲೆ ಹಳ್ಳದ ಬದಿ ಯಾರೋ ರಾಗ ಮರೆತವರು ಶಿಳ್ಳೆ ಹಾಕಿದಂತೆ ಕೇಳಿದರೆ ಅದು ಮಲಬಾರ್ ವಿಸ್ಲಿಂಗ್ ಥ್ರಶ್. ತೋಟದ ಮೇಲಿನಿಂದ ಹುಚ್ಚು ನಗೆಯಂತೆ ಬರುವುದು ಸಣ್ಣ ಬೂದು ಮಂಗಟ್ಟೆ. ನವರಂಗ ಬೆಳಿಗ್ಗೆ, ಸಂಜೆ ಮಬ್ಬಿನಲ್ಲಿ ಎರಡು ಸ್ವರದ ಶಿಳ್ಳೆ ಹಾಕುತ್ತದೆ. ತಮಿಳಿನಲ್ಲಿ ಅದಕ್ಕೆ ‘ಆರು ಗಂಟೆಯ ಹಕ್ಕಿ’ ಎಂದೇ ಹೆಸರು. ನೌಕರರ ಹೊತ್ತಿಗೆ ಹೊಂದುವ ಹಕ್ಕಿ ಅದು.

ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ. ಮೊದಲು ಭಾರತದ ಪ್ಯಾಕ್ ಇಳಿಸಿಕೊಂಡಿರಬೇಕು, ಘಟ್ಟದಲ್ಲಿ ಸಿಗ್ನಲ್ ನೆಚ್ಚಿ ಕೂರಲಾಗದು. ಅದು ಹೇಳಿದ್ದನ್ನೆಲ್ಲ ನಂಬಬೇಡಿ. ನಮ್ಮ ಕಡೆ ಭೀಮರಾಜ ಇತರ ಹಕ್ಕಿಗಳ ದನಿಯನ್ನು ಒಂದಾದ ಮೇಲೊಂದು ಅನುಕರಿಸುತ್ತದೆ. ಒಂದೇ ಮರದಿಂದ ಎರಡು ನಿಮಿಷದಲ್ಲಿ ಐದು ಜಾತಿ ತೋರಿಸಿದರೆ ಬಾಲದ ತುದಿಗೆ ಎರಡು ಗರಿ ತೂಗಾಡುವ ಕರಿ ಹಕ್ಕಿಯೊಂದು ಕೂತಿದೆಯೇ ನೋಡಿ. ಫೋನಿನಿಂದ ಕೂಗು ನುಡಿಸಿ ಹಕ್ಕಿಯನ್ನು ಹೊರಗೆಳೆಯುವುದು ಬೇಡ. ಗೂಡಿನ ಕಾಲದಲ್ಲಿ ಅದು ಎದುರಾಳಿ ಬಂದನೆಂದು ಮರಿ ಬಿಟ್ಟು ಜಗಳಕ್ಕೆ ಬರುತ್ತದೆ.

ಬೈನಾಕ್ಯುಲರ್

ಕೊಳ್ಳುವುದಾದರೆ 8×42. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ ಬರುವ 5.25 ಮಿಲಿಮೀಟರ್ ಅಗಲದ ಬೆಳಕು ಕಣ್ಣಿಗೆ ತಲುಪುತ್ತದೆ. ತೋಟದ ನೆರಳಿಗೆ, ಮಳೆಯ ಮೋಡಕ್ಕೆ ಇದು ಬೇಕು. 10 ಪಟ್ಟಿನದು ಆಸೆ ಹುಟ್ಟಿಸುತ್ತದೆ, ಆದರೆ ಕೈ ನಡುಕವೂ ಹತ್ತು ಪಟ್ಟಾಗುತ್ತದೆ. ದಿನವೂ ಊಟದ ಚೀಲದಲ್ಲಿ ಒಯ್ಯುವವರಿಗೆ ಹಗುರವಾದ 8×32 ಸರಿ. ಕನ್ನಡಕದವರು ‘ಐ ರಿಲೀಫ್’ (ಕಣ್ಣಿಗೂ ಹಿಂದಿನ ಗಾಜಿಗೂ ನಡುವೆ ಇರಬಹುದಾದ ಅಂತರ) 15 ಮಿಲಿಮೀಟರ್‌ಗಿಂತ ಹೆಚ್ಚಿದೆಯೇ ಎಂದು ಕೇಳಿ, ಕಣ್ಣಿನ ಬಟ್ಟಲನ್ನು ಒಳಗೆ ತಿರುಗಿಸಿಟ್ಟುಕೊಳ್ಳಿ.

ಹೊಂದಿಸುವ ಕ್ರಮ ತಪ್ಪಿದರೆ ದುಬಾರಿ ಗಾಜೂ ಮಸುಕು. ಮೊದಲು ಎರಡು ಕೊಳವೆಗಳನ್ನು ಮಡಚಿ ಬಿಚ್ಚಿ, ಎರಡು ವೃತ್ತ ಕೂಡಿ ಒಂದಾಗುವಂತೆ ಮಾಡಿ. ಬಲಗಣ್ಣು ಮುಚ್ಚಿ, ದೂರದ ಬೋರ್ಡಿನ ಅಕ್ಷರವೊಂದನ್ನು ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿ. ಈಗ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳೆ ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಬಳೆ ನಿಂತ ಜಾಗಕ್ಕೆ ಉಗುರುಬಣ್ಣದ ಒಂದು ಚುಕ್ಕೆ ಇಡಿ. ಸಹೋದ್ಯೋಗಿ ‘ಸ್ವಲ್ಪ ಕೊಡಿ’ ಎಂದು ತಿರುಗಿಸಿ ಕೊಟ್ಟಾಗ ಮತ್ತೆ ಸರಿ ಮಾಡಿಕೊಳ್ಳಬಹುದು. ಹಕ್ಕಿ ಕಂಡಾಗ ಕೆಳಗೆ ನೋಡಿ ಬೈನಾಕ್ಯುಲರ್ ಹುಡುಕಬಾರದು. ಕಣ್ಣನ್ನು ಹಕ್ಕಿಯ ಮೇಲೇ ನೆಟ್ಟು ಗಾಜನ್ನು ಕಣ್ಣಿಗೆ ತರಬೇಕು.

ಕಡಲ ಬದಿಯಿಂದ ಬಂದ ಮೇಲೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಮರಳಿನ ಕಣ ಗಾಜಿನ ಲೇಪವನ್ನು ಗೀರುತ್ತದೆ. ಮೊದಲು ಊದಿ ಧೂಳು ಹಾರಿಸಿ, ಸಿಹಿನೀರಲ್ಲಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಉಪ್ಪು ತೆಗೆದು, ಆಮೇಲೆ ಒರೆಸಿ. ಮಳೆಗಾಲಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನೂರು ಗ್ರಾಂ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಒದ್ದೆ ಕುಡಿದಿದೆ ಎಂದರ್ಥ. ಹಳೇ ತಗಡಿನಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಯ ಕಾವಲಿಯಲ್ಲಿ ಬೇಡ, ಆ ಬಣ್ಣ ವಿಷ. ಕಪಾಟಿನ ಬಟ್ಟೆಯ ನಡುವೆ ಸುತ್ತಿಟ್ಟರೆ ಆಗಸ್ಟ್ ಹೊತ್ತಿಗೆ ಗಾಜಿನೊಳಗೆ ಬೂಸ್ಟು ಹಿಡಿದಿರುತ್ತದೆ.

ಪಟ್ಟಿ ಬರೆಯುವುದು

ಕಂಡ ಹಕ್ಕಿಗಳನ್ನು ದಾಖಲಿಸುವ ಈಬರ್ಡ್ ಆ್ಯಪ್‌ನಲ್ಲಿ ಹದಿನೈದು ನಿಮಿಷದ ಒಂದು ಪಟ್ಟಿ ಸಾಕು. ನಿಂತೇ ನೋಡಿದ್ದರೆ ‘ಸ್ಟೇಷನರಿ’, ಮೂವತ್ತು ಮೀಟರಿಗಿಂತ ಹೆಚ್ಚು ನಡೆದಿದ್ದರೆ ‘ಟ್ರಾವೆಲಿಂಗ್’. ಕಾಗೆ, ಗುಬ್ಬಿ, ಪಾರಿವಾಳ ಸೇರಿ ಗುರುತು ಸಿಕ್ಕ ಎಲ್ಲವನ್ನೂ ಎಣಿಸಿದ್ದರೆ ಮಾತ್ರ ಪೂರ್ತಿ ಪಟ್ಟಿ ಎನ್ನಿ. ಸಾಮಾನ್ಯ ತಪ್ಪೆಂದರೆ ಬೆಳಿಗ್ಗೆ ಶುರು ಮಾಡಿದ ಪಟ್ಟಿಯನ್ನು ನಿಲ್ಲಿಸಲು ಮರೆತು ಕಚೇರಿಗೆ ಹೋಗುವುದು. ಸಂಜೆ ನೋಡಿದರೆ ಹತ್ತೂವರೆ ಗಂಟೆ, ಹದಿನಾಲ್ಕು ಕಿಲೋಮೀಟರ್! ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಕಚೇರಿಯ ಆವರಣವೂ ನಡೆಯುತ್ತದೆ. ಮಂಗಟ್ಟೆ ಗೂಡಿನ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ. ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ವಾರಗಟ್ಟಲೆ ಒಳಗೇ ಇರುತ್ತದೆ. ಕೆಳಗೆ ಕ್ಯಾಮೆರಾ ನೆರೆದರೆ ಆಹಾರ ತರುವ ಗಂಡು ಹತ್ತಿರ ಬರುವುದಿಲ್ಲ.

ಎರಡನೇ, ನಾಲ್ಕನೇ ಶನಿವಾರ

ದೂರದ ಜಾಗಗಳು ಈ ದಿನಗಳಿಗೆ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿ ಸೇರಿತು, ವಿಸ್ತಾರ 4,801 ಹೆಕ್ಟೇರ್. ಇಲ್ಲಿ ಏರು ನೀರಿಗೂ ಒಂದು ಉಪಾಯವಿದೆ: ಕೆಸರು ಮುಚ್ಚಿದಾಗ ಹಕ್ಕಿಗಳು ಗಜನಿ (ಉಪ್ಪುನೀರು ನುಗ್ಗುವ) ಗದ್ದೆಯ ಕಟ್ಟೆ, ಸಾಣಿಕಟ್ಟೆಯ ಉಪ್ಪಿನ ಆಗರಗಳ ಮೇಲೆ ಗುಂಪುಗೂಡುತ್ತವೆ, ಆಗ ಎಣಿಸುವುದು ಸುಲಭ. ಕಟ್ಟೆಯ ಮೇಲೆ ಕಾಲಿಡುವ ಮೊದಲು ಗದ್ದೆಯವರನ್ನು ಕೇಳಿ, ಬೇಸಾಯಕ್ಕೆ ಆ ಮಣ್ಣಿನ ಕಟ್ಟೆಯೇ ಜೀವ. ಶಿರಸಿಯವರಿಗೆ ಮಳೆಗಾಲದಲ್ಲಿ ಸೋಂದಾದ ಮುಂಡಿಗೆಕೆರೆ, ಅಲ್ಲಿ ಮುಂಡಿಗೆ ಗಿಡಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಚಳಿಗಾಲಕ್ಕೆ ಮುಂಡಗೋಡ ತಾಲೂಕಿನ ಅತ್ತಿವೇರಿ. ದಾಂಡೇಲಿ, ಗಣೇಶಗುಡಿಗೆ ಹೋಗುವುದಾದರೆ ನಾಲ್ಕು ಜಾತಿಯ ಮಂಗಟ್ಟೆಗಾಗಿ ಹೋಗಿ. ಮಿಕ್ಕವುಗಳಲ್ಲಿ ಬಹಳಷ್ಟು ನಿಮ್ಮೂರಲ್ಲೇ ಇವೆ.

ಎಲ್ಲಿ ಬೈನಾಕ್ಯುಲರ್ ಎತ್ತಬಾರದು

ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರಗಾ ಕಡೆ ನೌಕಾನೆಲೆ. ಯೋಜನೆಯ ಹೆಸರೇ ‘ಸೀಬರ್ಡ್’, ಆದರೆ ಅಲ್ಲಿ ಕಡಲಹಕ್ಕಿ ನೋಡಲು ನಿಂತರೆ ವಿಚಾರಣೆ ಖಚಿತ. ಹೆದ್ದಾರಿಯ ಆ ಭಾಗದಲ್ಲಿ ಗಾಡಿ ನಿಲ್ಲಿಸಬೇಡಿ, ಕ್ಯಾಮೆರಾ ಹೊರತೆಗೆಯಬೇಡಿ. ಬಂದರಿನ ಒಳಗೆ, ಕೈಗಾ ಸ್ಥಾವರದ ಸುತ್ತ ಸಹ ಅನುಮತಿ ಇಲ್ಲದೆ ಬೇಡ. ಕಾಳಿ ಸೇತುವೆಯ ಮೇಲೂ ನಿಲ್ಲಬಾರದು, ಲಾರಿ ಹಾದಾಗ ಅದುರುವುದರಿಂದ ಅಲ್ಲಿ ಹಕ್ಕಿಯೂ ಸರಿಯಾಗಿ ಕಾಣದು.

ಘಟ್ಟದ ಮೇಲೆ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಭಯ. ಅದನ್ನು ಹರಡುವುದು ಉಣುಗು. ಉದ್ದ ಪ್ಯಾಂಟನ್ನು ಕಾಲುಚೀಲದ ಒಳಗೆ ತುರುಕಿ, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿ, ಸೊಪ್ಪಿನ ಮೇಲೆ ಕೂರಬೇಡಿ. ಕಚೇರಿಯ ಬಟ್ಟೆಯಲ್ಲೇ ಬೆಟ್ಟಕ್ಕೆ ಹೋಗಿ ಹಾಗೇ ಕುರ್ಚಿಯಲ್ಲಿ ಕೂರುವ ಅಭ್ಯಾಸ ಇದಕ್ಕಾಗಿಯೇ ಕೆಟ್ಟದ್ದು. ಬೇರೆ ಪ್ಯಾಂಟೊಂದು ಗಾಡಿಯಲ್ಲಿರಲಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದ ಉಂಬಳಕ್ಕೆ ಇಷ್ಟು ಹೆದರಬೇಕಿಲ್ಲ, ಉಪ್ಪಿನ ಪೊಟ್ಟಣ ಸಾಕು.

ಜೂನ್ ನಂತರ

ಮಳೆ ಬಿದ್ದ ಮೇಲೆ ಕಡಲತೀರ ಖಾಲಿ ಎನಿಸುತ್ತದೆ. ಆದರೆ ಪಶ್ಚಿಮದ ಗಾಳಿ ಎರಡು ಮೂರು ದಿನ ಬಿಡದೆ ಬೀಸಿದ ಮಾರನೇ ಬೆಳಿಗ್ಗೆ ಟಾಗೋರ್ ಕಡಲತೀರದಲ್ಲೋ ಮಾಜಾಳಿಯಲ್ಲೋ ಒಮ್ಮೆ ನಡೆಯಿರಿ. ನಡುಗಡಲಲ್ಲೇ ಬದುಕುವ ಶಿಯರ್‌ವಾಟರ್, ಸೂಟಿ ಟರ್ನ್, ಬೂಬಿಗಳು ದಣಿದು ದಡಕ್ಕೆ ಬೀಳುವುದು ಆಗಲೇ. ಅಂಥದ್ದು ಸಿಕ್ಕರೆ ಮತ್ತೆ ನೀರಿಗೆ ಎಸೆಯಬೇಡಿ, ಮುಳುಗಿಯೇ ಸಾಯುತ್ತದೆ. ಟವೆಲ್ ಹಾಕಿ ಹಿಡಿದು, ಕೊಕ್ಕು ನಿಮ್ಮ ಮುಖದಿಂದ ದೂರವಿರಲಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಬಾಯಿಗೆ ನೀರು ಹೊಯ್ಯುವುದು, ಬಂಗಡೆ ತುರುಕುವುದು ಬೇಡ. ಇಲಾಖೆಯವರು ಬರುವ ತನಕ ಪೆಟ್ಟಿಗೆ ಕಚೇರಿಯಲ್ಲೇ ಇಡಬೇಕಾಗಿ ಬಂದರೆ ಫ್ಯಾನಿನ ಗಾಳಿ ತಾಗದ ಕತ್ತಲ ಮೂಲೆಯಲ್ಲಿಡಿ, ಬಂದವರಿಗೆಲ್ಲ ಮುಚ್ಚಳ ತೆಗೆದು ತೆಗೆದು ತೋರಿಸಬೇಡಿ.